ಯೂರಿಯಾ ಕೊಟ್ಟರೂ ಹಸಿರಾಗದ ಬೀನ್ಸ್: ಒಂದು ತೋಟದ ಪ್ರಕರಣ ಅಧ್ಯಯನ

ಬೀನ್ಸ್ ಎಲೆ ಹಳದಿಯಾದ ಕೂಡಲೇ ಕೈ ಯೂರಿಯಾ ಚೀಲದ ಕಡೆ ಹೋಗುತ್ತದೆ. ಹಲವು ಸಲ ಅದು ಸರಿಯೇ ಇರುತ್ತದೆ. ಆದರೆ ಹಳದಿ ಯಾವ ಎಲೆಯಲ್ಲಿ ಶುರುವಾಯಿತು, ನರ ಹಸಿರಾಗಿದೆಯಾ, ಎಲೆಯ ಗಾತ್ರ ಸರಿಯಿದೆಯಾ ಅಂತ ನೋಡದೆ ಗೊಬ್ಬರ ಹಾಕಿದರೆ ಬೆಳೆಯ ಅತಿ ಬೆಲೆಯುಳ್ಳ ದಿನಗಳು ಸುಮ್ನೆ ಕಳೆದುಹೋಗುತ್ತವೆ. ಗಿಡ ಜಾತಿಯ ಬೀನ್ಸ್‌ಗೆ ಬಿತ್ತನೆಯಿಂದ ಕೊಯ್ಲಿಗೆ ಇರುವುದೇ ಎರಡು ತಿಂಗಳ ಆಸುಪಾಸು. ಅದರಲ್ಲಿ ಎರಡು ವಾರ ತಪ್ಪು ದಾರಿಯಲ್ಲಿ ಹೋದರೂ ದೊಡ್ಡ ನಷ್ಟ.

ಇದು ಒಂದು ತೋಟದಲ್ಲಿ ನಡೆದದ್ದು. ಬೆಳೆದವರ ಹೆಸರು, ಜಾಗ, ಗುರುತು ಸಿಗುವಂಥ ವಿವರ ಯಾವುದನ್ನೂ ಇಟ್ಟಿಲ್ಲ. ಯಾವ ಹಂತದಲ್ಲಿ ಏನು ನೋಡಿದರು, ಏನು ತೀರ್ಮಾನಿಸಿದರು, ಎಲ್ಲಿ ದಾರಿ ತಿರುಗಿತು ಅನ್ನುವುದನ್ನು ಮಾತ್ರ ಬಿಡಿಸಿ ಬರೆದಿದ್ದೇನೆ.

ಹಿನ್ನೆಲೆ

ತೋಟ ನೋಡಿಕೊಳ್ಳುವವರು ಇಬ್ಬರು, ಅತ್ತಿಗೆ ಮತ್ತು ಮೈದುನ. ಹಾಗೇ ಕರೆಯೋಣ. ಬಿತ್ತನೆ, ಕಳೆ, ಕೊಯ್ಲು ಅತ್ತಿಗೆಯವರದು. ಗೊಬ್ಬರ, ನೀರು, ಸಿಂಪರಣೆ ಮೈದುನರದು. ಇಬ್ಬರಿಗೂ ತರಕಾರಿ ಬೆಳೆದು ಗೊತ್ತು, ಬೀನ್ಸ್ ಕೂಡ ಹೊಸದಲ್ಲ.

ಹೊಸದಾಗಿದ್ದದ್ದು ನೆಲ. ಈ ತಾಕು ಮೊದಲು ಇಳಿಜಾರಾಗಿತ್ತು. ನೀರು ಹಾಯಿಸಲು ಕಷ್ಟ ಅಂತ ಯಂತ್ರ ತರಿಸಿ ಸಮ ಮಾಡಿಸಿದ್ದರು. ಮೇಲಿನ ಅರ್ಧದ ಮಣ್ಣು ಕೆರೆದು ಕೆಳಗಿನ ಅರ್ಧಕ್ಕೆ ತುಂಬಿಸಿದ್ದರು. ಹೀಗೆ ಮಾಡಿದಾಗ ಮೇಲಿನ ಮಡಿಯಲ್ಲಿ ಅಡಿಮಣ್ಣು ಹೊರಗೆ ಬಂತು. ಅದರ ಬಣ್ಣ ಬೂದು ಬಿಳಿ, ಅಲ್ಲಲ್ಲಿ ಸುಣ್ಣದ ಸಣ್ಣ ಹರಳು. ಕೆಳಗಿನ ಮಡಿಗೆ ಹಳೆಯ ಮೇಲ್ಮಣ್ಣು ಎರಡು ಪಟ್ಟು ಸಿಕ್ಕಿತು.

ಮೇಲಿನ ಮಡಿ ಬಡವಾಯಿತು ಅಂತ ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಅಲ್ಲಿಗೆ ಧಾರಾಳವಾಗಿ ಕೋಳಿ ಗೊಬ್ಬರ ಹಾಕಿದರು. ಬಿತ್ತುವಾಗ ಡಿಎಪಿ ಗೊಬ್ಬರವನ್ನೂ ಕೆಳಗಿನ ಮಡಿಗಿಂತ ಜಾಸ್ತಿ ಕೊಟ್ಟರು. ಮಗುವಿಗೆ ಮೈ ಹಿಡಿಯಲಿ ಅಂತ ಎರಡು ತುತ್ತು ಹೆಚ್ಚಿಗೆ ತಿನ್ನಿಸುವ ಹಾಗೆ. ಕಾಳಜಿಯಿಂದ ಮಾಡಿದ ಕೆಲಸವೇ. ಮುಂದೆ ಇದೇ ಒಂದು ಮುಖ್ಯ ಕೊಂಡಿ ಆಗುತ್ತದೆ, ನೆನಪಿರಲಿ.

ಬಿತ್ತನೆ ಆದದ್ದು ಚಳಿ ಇನ್ನೂ ಬಿಡದ ದಿನಗಳಲ್ಲಿ. ನೀರು ಬಾವಿಯದು, ಸ್ವಲ್ಪ ಗಡಸು. ಮಣ್ಣು ಒಣಗಲೇಬಾರದು ಅಂತ ಆಗಾಗ ಹಾಯಿಸುತ್ತಿದ್ದರು.

ಶುರುವಾದ ತೊಂದರೆ

ಮೊಳಕೆ ಎರಡೂ ಮಡಿಯಲ್ಲಿ ಒಂದೇ ಥರ ಬಂತು. ಬೀನ್ಸ್‌ನಲ್ಲಿ ಬೀಜದ ದಳಗಳ ನಂತರ ಎದುರುಬದುರಾಗಿ ಎರಡು ಒಂಟಿ ಎಲೆ ಬರುತ್ತವೆ, ಅಲ್ವಾ, ಅವೂ ಎರಡೂ ಕಡೆ ಚೆನ್ನಾಗಿದ್ದವು. ಇದು ಸಹಜ. ಅಲ್ಲಿವರೆಗೆ ಗಿಡ ಬದುಕುವುದು ಬಹುಮಟ್ಟಿಗೆ ಬೀಜದಲ್ಲಿರುವ ದಾಸ್ತಾನಿನ ಮೇಲೆ. ಮಣ್ಣಿನ ಕೊರತೆ ಬಯಲಾಗುವುದು ಆಮೇಲೆ ಬರುವ ಮೂರೆಲೆಗಳಲ್ಲಿ, ಅಂದರೆ ಒಂದೇ ತೊಟ್ಟಿನಲ್ಲಿ ಮೂರು ಭಾಗ ಇರುವ ಎಲೆಗಳಲ್ಲಿ.

ಎರಡನೇ ಮೂರೆಲೆ ಬಿಚ್ಚುವ ಹೊತ್ತಿಗೆ ಮೇಲಿನ ಮಡಿ ಪೇಲವವಾಯಿತು. ಕೆಲವು ದಿನ ಕಳೆದರೆ ದೂರದಿಂದಲೇ ಗೊತ್ತಾಗುವಷ್ಟು ಹಳದಿ. ಕೆಳಗಿನ ಮಡಿ ಹಸಿರಾಗಿ ಏಳುತ್ತಿತ್ತು, ಮೇಲಿನದು ನಿಂತಲ್ಲೇ ನಿಂತಿತ್ತು.

ದೂರದಿಂದ ಕಂಡದ್ದಕ್ಕಿಂತ ಹತ್ತಿರ ಕೂತು ನೋಡಿದಾಗ ಕಂಡದ್ದು ಮುಖ್ಯ. ಅತ್ತಿಗೆ ಕಳೆ ಕೀಳುವಾಗ ಗಮನಿಸಿ ಹೇಳಿದ ವಿವರ ಇದು: ಹೊಸ ಎಲೆ ಅಗಲವಾಗುತ್ತಲೇ ಇರಲಿಲ್ಲ. ಕೆಳಗಿನ ಮಡಿಯ ಎಲೆ ಅಂಗೈಯಷ್ಟಾದರೆ ಇಲ್ಲಿಯದು ಅದರ ಅರ್ಧ. ತುದಿ ಚೂಪು, ಅಂಚು ಸ್ವಲ್ಪ ಮುರುಟು. ನರಗಳು ಹಸಿರು, ನರಗಳ ನಡುವಿನ ಜಾಗ ತಿಳಿಹಳದಿ, ಅದರಲ್ಲೂ ತುದಿ ಮತ್ತು ಅಂಚಿನ ಕಡೆ ಜಾಸ್ತಿ. ಗೆಣ್ಣಿನಿಂದ ಗೆಣ್ಣಿಗೆ ಇರಬೇಕಾದ ಅಂತರ ಕುಗ್ಗಿ ಎಲೆಗಳೆಲ್ಲ ಸುಳಿಯ ಹತ್ತಿರ ಗೊಂಚಲಾಗಿ ಕೂತಿದ್ದವು. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿರಲಿಲ್ಲ, ಆದರೆ ಬಿಸಿಲಿಗೆ ಸುಟ್ಟಂತೆ ಕಂಚಿನ ಬಣ್ಣದ ಚುಕ್ಕೆ ಎದ್ದಿದ್ದವು.

ಈ ವಿವರ ಪೂರ್ತಿ ಮೊದಲ ವಾರದಲ್ಲೇ ಕಣ್ಣೆದುರು ಇತ್ತು. ಉತ್ತರ ಇದರಲ್ಲೇ ಇತ್ತು ಅಂತ ನನ್ನ ಅಭಿಪ್ರಾಯ. ಆದರೆ ತೀರ್ಮಾನ ತೆಗೆದುಕೊಂಡದ್ದು ದೂರದಿಂದ ಕಂಡ ಬಣ್ಣದ ಮೇಲೆ.

ಮೊದಲ ಪ್ರಯತ್ನ: ಯೂರಿಯಾ

"ಅತ್ತಿಗೆ, ಸಾರಜನಕ ಸಾಲದು. ಒಂದು ಕೈ ಯೂರಿಯಾ ಕೊಟ್ಟರೆ ವಾರದಲ್ಲಿ ಕಪ್ಪಗಾಗುತ್ತೆ ನೋಡಿ" ಅಂದರು ಮೈದುನ. ಎರಡೂ ಮಡಿಗೆ ಸಾಲಿನ ಪಕ್ಕ ಯೂರಿಯಾ ಹಾಕಿ ನೀರು ಬಿಟ್ಟರು.

ಕೆಳಗಿನ ಮಡಿ ಮಾತು ಉಳಿಸಿತು, ಎಲೆ ದಟ್ಟ ಹಸಿರಾಯಿತು. ಮೇಲಿನ ಮಡಿ ಕದಲಲಿಲ್ಲ. ಸಾರಜನಕದ ಕೊರತೆ ಆಗಿದ್ದರೆ ಒಂದು ವಾರ, ಹತ್ತು ದಿನದಲ್ಲಿ ಸುಧಾರಣೆ ಕಾಣಬೇಕಿತ್ತು. ಕಾಣಲಿಲ್ಲ ಅನ್ನುವುದೇ ಒಂದು ಸುಳಿವು. ಆದರೆ ಆಗ ಅದನ್ನು "ಪ್ರಮಾಣ ಕಮ್ಮಿಯಾಯಿತು" ಅಂತ ಓದಿಕೊಂಡರು. ಮೇಲಿನ ಮಡಿಗೆ ಇನ್ನೊಂದು ಸಲ ಯೂರಿಯಾ ಬಿತ್ತು.

ಸಾರಜನಕ ಗಿಡದೊಳಗೆ ಸುಲಭವಾಗಿ ಓಡಾಡುವ ಪೋಷಕಾಂಶ. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಹೊಸ ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಹಳದಿ ಕೆಳಗಿನ ಎಲೆಯಿಂದ ಶುರುವಾಗಿ ಮೇಲೇರುತ್ತದೆ. ಎಲೆ ಒಂದೇ ಸಮನೆ ಬಿಳಿಚಿಕೊಳ್ಳುತ್ತದೆ, ನರ ಕೂಡ. ನರ ಹಸಿರಾಗಿ ಉಳಿದು ನಡುವಿನ ಜಾಗ ಮಾತ್ರ ಹಳದಿಯಾಗಿದ್ದರೆ ಸಾರಜನಕದ ಮೇಲೆ ಗುಮಾನಿ ಪಡುವ ಮೊದಲು ಬೇರೆ ನಾಲ್ಕು ಹೆಸರು ನೆನಪಿಗೆ ಬರಬೇಕು.

ಬೀನ್ಸ್ ದ್ವಿದಳ ಗಿಡ, ಬೇರುಗಂಟಿನಲ್ಲಿರುವ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಆದರೆ ಈ ಕೆಲಸದಲ್ಲಿ ಬೀನ್ಸ್ ಸೋಯಾಬೀನ್‌ನಷ್ಟು ಗಟ್ಟಿ ಅಲ್ಲ, ಸ್ವಲ್ಪ ಹೊರಗಿನ ಆಸರೆ ಬೇಕಾಗುತ್ತದೆ. ಹಾಗಂತ ಯೂರಿಯಾ ಜಾಸ್ತಿ ಬಿದ್ದರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಎಲೆ ಸೊಕ್ಕಿ ಬೆಳೆಯುತ್ತದೆ, ಹೂ ತಡವಾಗುತ್ತದೆ. ಕೆಳಗಿನ ಮಡಿಗೆ ಇದೇ ಆಯಿತು. ಅಲ್ಲಿ ತೊಂದರೆ ಇರಲೇ ಇಲ್ಲ. ಯೂರಿಯಾ ಕೊಟ್ಟದ್ದರಿಂದ ಸಣ್ಣ ತೊಂದರೆ ಹುಟ್ಟಿತು.

ನಡುವೆ ಬಂದ ರೋಗದ ಗುಮಾನಿ

ಯೂರಿಯಾ ಕೈ ಕೊಟ್ಟ ಮೇಲೆ ನೋಡಲು ಬಂದ ಇನ್ನೊಬ್ಬ ಬೆಳೆಗಾರರು "ಇದು ಮೊಸಾಯಿಕ್, ಕಿತ್ತು ಹಾಕಿ" ಅಂದರು. ಮುರುಟಿದ ಎಲೆ, ಹಸಿರು ಹಳದಿ ಮಿಶ್ರ ಬಣ್ಣ, ಗಿಡ್ಡ ಗಿಡ ಕಂಡರೆ ಈ ಅನುಮಾನ ಬರುವುದು ತಪ್ಪೇನಲ್ಲ. ಬೀನ್ಸ್‌ಗೆ ಮೊಸಾಯಿಕ್ ನಂಜುರೋಗ ಬರುತ್ತದೆ, ಬೀಜದಿಂದಲೂ ಬರುತ್ತದೆ, ಗಿಡಹೇನು ಕೂಡ ಅದನ್ನು ಹರಡುತ್ತದೆ. ಮೈದುನ ಒಂದು ಸಾಲು ಕೀಳಲು ಶುರು ಮಾಡಿಯೇ ಬಿಟ್ಟಿದ್ದರು.

ತಡೆದದ್ದು ಅತ್ತಿಗೆ. ಇದು ಈ ಪ್ರಕರಣದ ಮೊದಲ ದೊಡ್ಡ ತಿರುವು. ಅವರ ಪ್ರಶ್ನೆ ಸರಳ: "ರೋಗ ಆಗಿದ್ರೆ ಗೆರೆ ಎಳೆದ ಹಾಗೆ ಅರ್ಧಕ್ಕೇ ಯಾಕೆ ನಿಲ್ಲುತ್ತೆ?"

ಒಂದೇ ಬೀಜ, ಒಂದೇ ದಿನದ ಬಿತ್ತನೆ, ಅದೇ ನೀರು. ಹೇನಿಗೆ ಮೇಲಿನ ಮಡಿ, ಕೆಳಗಿನ ಮಡಿ ಅಂತ ಭೇದ ಇಲ್ಲ. ನಂಜುರೋಗ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗಿ ಹರಡುತ್ತದೆ. ಇಲ್ಲಿ ಹಳದಿ ನಿಂತದ್ದು ಮಣ್ಣು ಕೆರೆದ ಜಾಗ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲಿ. ಎಲೆಯಲ್ಲೂ ವ್ಯತ್ಯಾಸವಿತ್ತು. ಮೊಸಾಯಿಕ್‌ನಲ್ಲಿ ಹಸಿರು ಹಳದಿ ಅಂಕೆಯಿಲ್ಲದೆ ಹರಡಿರುತ್ತದೆ, ನಡುನರದ ಎಡಬದಿ ಒಂದು ಥರ, ಬಲಬದಿ ಇನ್ನೊಂದು ಥರ. ಕಡುಹಸಿರು ಭಾಗ ಉಬ್ಬಿಕೊಂಡಿರುವುದೂ ಉಂಟು. ಪೋಷಕಾಂಶದ ಕೊರತೆಯಲ್ಲಿ ನಡುನರದ ಎರಡೂ ಬದಿ ಹೆಚ್ಚುಕಮ್ಮಿ ಒಂದೇ ನಮೂನೆ. ಇಲ್ಲಿ ಇದ್ದದ್ದು ಎರಡನೆಯದು.

ತಾಕಿನಲ್ಲಿ ತೊಂದರೆಯ ಆಕಾರ ನೋಡುವುದು ಎಲೆ ನೋಡುವಷ್ಟೇ ಮುಖ್ಯ. ನೇರ ಗೆರೆ, ಚೌಕ, ಸಾಲು ಸಾಲಾದ ಪಟ್ಟಿ ಕಂಡರೆ ಮನುಷ್ಯನ ಕೈ ಆಡಿದ ಕಡೆ ಕಾರಣ ಹುಡುಕಬೇಕು: ಮಣ್ಣು ಸರಿಸಿದ್ದು, ಗೊಬ್ಬರ ಸುರಿದದ್ದು, ನೀರಿನ ಕೊಳವೆ, ಹಿಂದೆ ಹೊಡೆದ ಕಳೆನಾಶಕ.

ಕಬ್ಬಿಣದ ಸಿಂಪರಣೆ, ಅರ್ಧ ಉತ್ತರ

ನರ ಹಸಿರು, ನಡುವೆ ಹಳದಿ, ಅದೂ ಹೊಸ ಎಲೆಯಲ್ಲಿ, ಜೊತೆಗೆ ಸುಣ್ಣದ ಮಣ್ಣು. ಇಷ್ಟು ಕೂಡಿದರೆ ಮೊದಲು ಬರುವ ಹೆಸರು ಕಬ್ಬಿಣ. ಕಬ್ಬಿಣ ಗಿಡದೊಳಗೆ ಒಮ್ಮೆ ಕೂತಲ್ಲಿಂದ ಏಳುವುದಿಲ್ಲ, ಹಾಗಾಗಿ ಕೊರತೆ ಹೊಸ ಎಲೆಯಲ್ಲೇ ಕಾಣುತ್ತದೆ. ಮೈದುನ ಫೆರಸ್ ಸಲ್ಫೇಟ್ ದ್ರಾವಣ ಮಾಡಿ ಮೇಲಿನ ಮಡಿಗೆಲ್ಲ ಸಿಂಪಡಿಸಿದರು.

ಈ ಸಲ ಏನೋ ಆಯಿತು. ಹನಿ ಬಿದ್ದ ಜಾಗದಲ್ಲಿ ಚುಕ್ಕೆ ಚುಕ್ಕೆಯಾಗಿ ಹಸಿರು ಬಂತು. ಮಡಿಯ ಬಣ್ಣ ಒಂದು ಮಟ್ಟ ಸುಧಾರಿಸಿತು. ಮೈದುನರಿಗೆ ಖುಷಿ. ಆದರೆ ಹೊಸದಾಗಿ ಬಿಚ್ಚಿದ ಎಲೆ ಮತ್ತೆ ಅಷ್ಟೇ ಕಿರಿದು. ಗೆಣ್ಣಿನ ಅಂತರ ಹಾಗೇ ಇತ್ತು. ಗಿಡ ಹಸಿರಾಯಿತು, ಬೆಳೆಯಲಿಲ್ಲ.

ಹೀಗೆ ಅರ್ಧ ಕೆಲಸ ಮಾಡುವ ಔಷಧಿ ತುಂಬಾ ದಾರಿ ತಪ್ಪಿಸುತ್ತದೆ. ಪೂರ್ತಿ ಸೋತರೆ ಕೈಬಿಟ್ಟು ಬೇರೆ ಯೋಚಿಸುತ್ತೇವೆ. ಸ್ವಲ್ಪ ಗೆದ್ದರೆ ಅದನ್ನೇ ಮತ್ತೆ ಮತ್ತೆ ಹೊಡೆಯುತ್ತೇವೆ. ಕಾರ್ಲ್ ಸ್ಪ್ರೆಂಗೆಲ್ 1828ರಲ್ಲಿ ಹೇಳಿ, ಆಮೇಲೆ ಯೂಸ್ಟಸ್ ಫಾನ್ ಲೀಬಿಗ್ ಜನಪ್ರಿಯ ಮಾಡಿದ ಒಂದು ನಿಯಮ ಇದೆ: ಬೆಳೆಯನ್ನು ಹಿಡಿದು ನಿಲ್ಲಿಸುವುದು ಅಗತ್ಯಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಕಮ್ಮಿ ಇರುವ ಒಂದು ಅಂಶ. ಉಳಿದದ್ದನ್ನು ಎಷ್ಟು ಸುರಿದರೂ ಅದು ಕದಲುವವರೆಗೆ ಬೆಳೆ ಕದಲುವುದಿಲ್ಲ. ಇಲ್ಲಿ ಕಬ್ಬಿಣದ ಕೊರತೆ ನಿಜವಾಗಿಯೂ ಇತ್ತು. ಆದರೆ ಹಿಡಿದು ನಿಲ್ಲಿಸಿದ್ದು ಅದಲ್ಲ.

ಬೇರು ಅಗೆದು ನೋಡಿದ್ದು

ನಾನು ಈ ತೋಟ ನೋಡಿದ್ದು ಈ ಹಂತದಲ್ಲಿ. ಮೊದಲು ಮಾಡಿದ ಕೆಲಸ ಎರಡೂ ಮಡಿಯಿಂದ ಗಿಡಗಳನ್ನು ಕೀಳದೆ, ಸುತ್ತ ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಿ, ನೀರಿನಲ್ಲಿ ನೆನೆಸಿ ತೊಳೆದು ಬೇರು ನೋಡಿದ್ದು. ಎಲೆಯ ಕೊರತೆಗೆ ಬೇರು ಯಾಕೆ ಅಂತ ಕೇಳಬಹುದು. ಬೇರು ಕೊಳೆತಿದ್ದರೆ, ಜಂತುಹುಳ (ಬೇರಿನೊಳಗೆ ಸೇರುವ ಸೂಕ್ಷ್ಮ ಹುಳ, ನೆಮಟೋಡ್) ಹೊಕ್ಕಿದ್ದರೆ, ಮಣ್ಣಲ್ಲಿ ಎಲ್ಲ ಇದ್ದರೂ ಗಿಡ ಹಸಿದೇ ಇರುತ್ತದೆ. ಎಲೆಯ ಮೇಲೆ ಕಾಣುವುದು ಮಾತ್ರ ಪೋಷಕಾಂಶದ ಕೊರತೆ.

ಬೇರು ಕೊಳೆತಿರಲಿಲ್ಲ. ಗಂಟುಗಳಿದ್ದವು. ಇಲ್ಲಿ ಒಂದು ಪರೀಕ್ಷೆ ಎಲ್ಲರಿಗೂ ಗೊತ್ತಿರಬೇಕು. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ಉಜ್ಜಿದರೆ ಕಳಚಿ ಬರುತ್ತದೆ. ಜಂತುಹುಳದ ಗಂಟು ಅಂದರೆ ಬೇರೇ ಊದಿಕೊಂಡಿರುವುದು, ಅದು ಕಳಚುವುದಿಲ್ಲ. ಇಲ್ಲಿಯವು ಎಲ್ಲ ಕಳಚಿ ಬಂದವು. ಉಗುರಿನಿಂದ ಸೀಳಿ ನೋಡಿದರೆ ಕೆಳಗಿನ ಮಡಿಯಲ್ಲಿ ಗಂಟು ಕಮ್ಮಿ ಇದ್ದರೂ ಒಳಗೆ ಗುಲಾಬಿ ಬಣ್ಣ. ಮೇಲಿನ ಮಡಿಯಲ್ಲಿ ಸಾಸಿವೆ ಗಾತ್ರದ ಗಂಟು, ಒಳಗೆ ಬಿಳಿ. ಗುಲಾಬಿ ಬಣ್ಣ ಬರುವುದು ಲೆಗ್‌ಹಿಮೋಗ್ಲೋಬಿನ್ ಅನ್ನುವ ಪ್ರೋಟೀನ್‌ನಿಂದ, ಅದು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ ಅರ್ಥ. ಬಿಳಿ ಇದ್ದರೆ ಇನ್ನೂ ಕೆಲಸ ಶುರುವಾಗಿಲ್ಲ, ಅಥವಾ ಆಗುವುದೇ ಇಲ್ಲ.

ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಒದ್ದೆ ಇತ್ತು, ಮುಟ್ಟಿದರೆ ತಣ್ಣಗೆ. ನೀರು ಹಾಯಿಸುವುದನ್ನು ಅಂದೇ ಕಮ್ಮಿ ಮಾಡಿದರು. ಸುಣ್ಣದ ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿನ ಸುತ್ತ ಬೈಕಾರ್ಬೊನೇಟ್ ಹೆಚ್ಚಾಗಿ ಕಬ್ಬಿಣ ಇನ್ನೂ ಸಿಗದಂತಾಗುತ್ತದೆ. ಗಡಸು ನೀರು ಅದಕ್ಕೆ ಇನ್ನಷ್ಟು ಸೇರಿಸುತ್ತದೆ.

ಮಣ್ಣು ಪರೀಕ್ಷೆ: ಎರಡು ಮಡಿ, ಎರಡು ಚೀಲ

ತಾಕಿನ ಹತ್ತಾರು ಕಡೆಯಿಂದ ಮಣ್ಣು ತೆಗೆದು ಕಲಸಿ ಒಂದು ಮಾದರಿ ಮಾಡುವುದು ರೂಢಿ. ನೆಲ ಒಂದೇ ಥರ ಇದ್ದಾಗ ಅದು ಸರಿ. ಇಲ್ಲಿ ಹಾಗೆ ಮಾಡಿದ್ದರೆ ಬಡ ಮಣ್ಣಿಗೂ ಒಳ್ಳೆ ಮಣ್ಣಿಗೂ ಸರಾಸರಿ ಬಂದು "ಎಲ್ಲ ಪರವಾಗಿಲ್ಲ" ಅನ್ನುವ ವರದಿ ಕೈಗೆ ಸಿಗುತ್ತಿತ್ತು. ಮೇಲಿನ ಮಡಿಯದು ಒಂದು ಚೀಲ, ಕೆಳಗಿನದು ಇನ್ನೊಂದು ಚೀಲ ಮಾಡಿ ಕಳಿಸಿದ್ದು ಇಡೀ ಪ್ರಕರಣದಲ್ಲಿ ಅತಿ ಮುಖ್ಯ ತೀರ್ಮಾನ ಅಂತ ನಾನು ಹೇಳುತ್ತೇನೆ. ಗೊಬ್ಬರದ ಹರಳು ಸೇರದಂತೆ ಸಾಲಿನ ಪಕ್ಕ ಬಿಟ್ಟು, ಮೇಲಿನ ಕಸ ಸರಿಸಿ, ಸುಮಾರು 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದರು. ಜಿಂಕ್, ಅಂದರೆ ಸತು, ಅಳೆಯುವುದಿದ್ದರೆ ತಗಡಿನ ಬಕೆಟ್ ಬಳಸಬಾರದು, ಅದರ ಲೇಪನವೇ ಜಿಂಕ್. ಪ್ಲಾಸ್ಟಿಕ್ ಬಕೆಟ್ ಬಳಸಿದರು.

ವರದಿ ಬಂತು. ಮಣ್ಣು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ ಪಿಎಚ್, 7 ಅಂದರೆ ತಟಸ್ಥ. ಕೆಳಗಿನ ಮಡಿಯ ಪಿಎಚ್ 7.2, ಮೇಲಿನದು 8.1. ಬೀನ್ಸ್‌ಗೆ ಹಿತವಾದದ್ದು 6ರಿಂದ 7ರ ನಡುವೆ. ಮೇಲಿನ ಮಡಿಯಲ್ಲಿ ರಂಜಕ ಕಮ್ಮಿ ಇರಬಹುದು ಅಂತ ಮೈದುನರ ಎಣಿಕೆ. ಬಂದದ್ದು ಉಲ್ಟಾ: ರಂಜಕ ಅಗತ್ಯಕ್ಕಿಂತ ತುಂಬಾ ಜಾಸ್ತಿ. ಕೋಳಿ ಗೊಬ್ಬರ, ಡಿಎಪಿ ಎರಡೂ ರಂಜಕದ ಮೂಟೆಗಳೇ. ಜಿಂಕ್ ಮಾತ್ರ 0.4 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 0.4 ಭಾಗ). ಗಿಡಕ್ಕೆ ಸಿಗುವಷ್ಟನ್ನು ಡಿಟಿಪಿಎ ಅನ್ನುವ ರಾಸಾಯನಿಕದಿಂದ ಮಣ್ಣಿನಿಂದ ಬಿಡಿಸಿ ಅಳೆಯುವ ವಿಧಾನದಲ್ಲಿ 0.6ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಕೆಳಗಿನ ಮಡಿಯಲ್ಲಿ ಅದು 1ರ ಮೇಲಿತ್ತು. ಈ ಡಿಟಿಪಿಎ ವಿಧಾನವನ್ನು ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ್ದು ಸುಣ್ಣ ಇರುವ, ತಟಸ್ಥಕ್ಕೆ ಹತ್ತಿರದ ಮಣ್ಣುಗಳಿಗಾಗಿ. ಹಾಗಾಗಿ ಈ ಮಡಿಗೆ ಅದು ಹೊಂದುವ ಅಳತೆ.

ಈಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಜಿಂಕ್ ಹೆಚ್ಚಾಗಿ ಇರುವುದು ಮೇಲ್ಮಣ್ಣಿನಲ್ಲಿ, ಸಾವಯವ ಅಂಶದ ಜೊತೆ. ಅದನ್ನು ಕೆರೆದು ಕೆಳಗೆ ಕಳಿಸಿಯಾಗಿತ್ತು. ಉಳಿದ ಅಡಿಮಣ್ಣಿನಲ್ಲಿ ಪಿಎಚ್ ಜಾಸ್ತಿ. ಪಿಎಚ್ ಒಂದು ಅಂಕಿ ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಜಿಂಕ್ ಅಯಾನು ಸುಮಾರು ನೂರು ಪಟ್ಟು ಇಳಿಯುತ್ತದೆ. ಅದರ ಮೇಲೆ ರಂಜಕದ ಹೊರೆ. ರಂಜಕ ಅತಿಯಾದರೆ ಬೇರಿಗೆ ಜಿಂಕ್ ತಂದುಕೊಡುವ ಮೈಕೊರೈಜಾ ಶಿಲೀಂಧ್ರ ಹಿಂದೆ ಸರಿಯುತ್ತದೆ, ಗಿಡದೊಳಗೂ ಜಿಂಕ್‌ನ ಸಮತೋಲ ಕೆಡುತ್ತದೆ. ಕೊನೆಗೆ ತಣ್ಣನೆ ಒದ್ದೆ ಮಣ್ಣು. ಬೇರು ನಿಧಾನವಾಗಿ ಹರಡುವಾಗ ಜಿಂಕ್ ಸಿಗುವುದು ಇನ್ನೂ ಕಷ್ಟ. ತರಕಾರಿ ಬೆಳೆಗಳಲ್ಲಿ ಬೀನ್ಸ್ ಜಿಂಕ್ ಕೊರತೆಗೆ ಬೇಗ ಬಗ್ಗುವ ಬೆಳೆ ಬೇರೆ.

ಮೈದುನ ವರದಿ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾವೇ ಒಳ್ಳೇದಾಗಲಿ ಅಂತ ಹಾಕಿದ್ದೇ ಅಡ್ಡ ಬಂತಲ್ಲ ಅತ್ತಿಗೆ" ಅಂದರು. ಅತ್ತಿಗೆ, "ಹಾಕಿದ್ದು ಆಯ್ತು, ಈಗ ಮುಂದಿನದು ನೋಡೋಣ" ಅಂದರು.

ಎಲೆ ಮಾದರಿಯನ್ನೂ ಕಳಿಸಿದ್ದೆವು. ಪೂರ್ತಿ ಬಲಿತ ಎಲೆಗಳಲ್ಲಿ ತುದಿಗೆ ಹತ್ತಿರ ಇರುವುದನ್ನು, ಕಬ್ಬಿಣ ಸಿಂಪಡಿಸಿದ ನಂತರ ಬಿಚ್ಚಿಕೊಂಡದ್ದನ್ನು ಆರಿಸಿ ತೆಗೆದದ್ದು. ಸಿಂಪಡಿಸಿದ ಎಲೆ ಕಳಿಸಿದರೆ ಮೇಲೆ ಅಂಟಿದ್ದ ಕಬ್ಬಿಣವೂ ಲೆಕ್ಕಕ್ಕೆ ಬರುತ್ತದೆ. ಎಲೆಯಲ್ಲಿ ಜಿಂಕ್ 14 ಪಿಪಿಎಂ ಬಂತು. 20ಕ್ಕಿಂತ ಕೆಳಗೆ ಇದ್ದರೆ ಚಿಂತಿಸಬೇಕು.

ಪಟ್ಟಿ ಹಾಕಿ ನೋಡಿದ್ದು

ವರದಿ ಕೈಯಲ್ಲಿದ್ದರೂ ಮಡಿಗೆಲ್ಲ ಜಿಂಕ್ ಹೊಡೆಯಲು ಹೋಗಲಿಲ್ಲ. ಅತ್ತಿಗೆಗೆ ಈ ಸಲ ಗಿಡದ ಬಾಯಿಂದಲೇ ಕೇಳಬೇಕಿತ್ತು. ಮೇಲಿನ ಮಡಿಯಲ್ಲಿ ಕೆಲವು ಸಾಲು ಆರಿಸಿ ಗೂಟ ನೆಟ್ಟು ಪಟ್ಟಿ ಮಾಡಿದರು. ಒಂದಕ್ಕೆ ಬರೀ ನೀರು, ಒಂದಕ್ಕೆ ಕಬ್ಬಿಣ, ಒಂದಕ್ಕೆ ಜಿಂಕ್, ಒಂದಕ್ಕೆ ಎರಡೂ. ಬರೀ ನೀರಿನ ಪಟ್ಟಿ ಯಾಕೆ ಅಂತ ಮೈದುನ ಕೇಳಿದರು. ಆ ವಾರ ಬಿಸಿಲು ಏರಿ ಮಣ್ಣು ಬೆಚ್ಚಗಾದರೆ ಗಿಡ ತಾನಾಗಿಯೇ ಸ್ವಲ್ಪ ಚೇತರಿಸಿಕೊಳ್ಳುವುದುಂಟು. ಹೋಲಿಸಲು ಏನೂ ಇಲ್ಲದಿದ್ದರೆ ಅದರ ಹೆಸರು ಔಷಧಿಗೆ ಹೋಗುತ್ತದೆ.

ಜಿಂಕ್ ದ್ರಾವಣಕ್ಕೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಅರಳಿದ ಸುಣ್ಣ. ಸುಣ್ಣ ಹಾಕುವುದು ಹುಳಿ ತೆಗೆಯಲು, ಇಲ್ಲದಿದ್ದರೆ ಎಳೆ ಎಲೆ ಸುಡಬಹುದು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿನೀರು ಸೋಸಿ, ಆಮೇಲೆ ಸೇರಿಸಿದರು. ಕಬ್ಬಿಣವನ್ನು ಇದರ ಜೊತೆ ಒಂದೇ ಡಬ್ಬದಲ್ಲಿ ಬೆರೆಸಲಿಲ್ಲ. ಸುಣ್ಣ ತಾಗಿದರೆ ಕಬ್ಬಿಣ ತುಕ್ಕಿನ ಬಣ್ಣದ ಗಸಿಯಾಗಿ ತಳ ಸೇರುತ್ತದೆ. ಎರಡೂ ಬೇಕಾದ ಪಟ್ಟಿಗೆ ಬೇರೆ ಬೇರೆ ದಿನ ಹೊಡೆದರು. ಎಲ್ಲವೂ ಬಿಸಿಲು ಇಳಿದ ಮೇಲೆ.

ಹತ್ತು ದಿನದೊಳಗೆ ಉತ್ತರ ಸಿಕ್ಕಿತು. ನೀರಿನ ಪಟ್ಟಿ ಹಾಗೇ ಇತ್ತು. ಕಬ್ಬಿಣದ ಪಟ್ಟಿ ಹಸಿರಾಯಿತು, ಗಿಡ್ಡಾಗಿಯೇ ಉಳಿಯಿತು. ಜಿಂಕ್ ಪಟ್ಟಿಯಲ್ಲಿ ಹೊಸ ಎಲೆ ಅಗಲವಾಗಿ ಬಿಚ್ಚಿತು, ಗೆಣ್ಣು ಉದ್ದವಾಯಿತು, ಬಣ್ಣ ಮಾತ್ರ ಸ್ವಲ್ಪ ತಿಳಿ. ಎರಡೂ ಹೊಡೆದ ಪಟ್ಟಿ ಅಗಲವೂ ಆಯಿತು, ಹಸಿರೂ ಆಯಿತು.

ಗೆಣ್ಣಿನ ಅಂತರಕ್ಕೂ ಜಿಂಕ್‌ಗೂ ಇರುವ ನಂಟು ಗೊತ್ತಿರಲಿ. ಜಿಂಕ್ ಕಮ್ಮಿಯಾದರೆ ಗಿಡವನ್ನು ಉದ್ದ ಬೆಳೆಸುವ ಆಕ್ಸಿನ್ ಹಾರ್ಮೋನಿನ ಮಟ್ಟ ಕುಸಿಯುತ್ತದೆ. ಗಿಡ್ಡ ಗೆಣ್ಣು, ಕಿರಿದಾದ ಎಲೆ ಬರುವುದು ಇದರಿಂದ. ಕಬ್ಬಿಣದ ಕೊರತೆ ಮೊದಮೊದಲು ಬಣ್ಣವನ್ನು ಕೆಡಿಸುತ್ತದೆ, ಆಕಾರವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಣ್ಣದ ಜೊತೆ ಗಾತ್ರವನ್ನೂ ನೋಡಿದ್ದರೆ ಎರಡು ಕೊರತೆಗಳ ನಡುವಿನ ವ್ಯತ್ಯಾಸ ಪರೀಕ್ಷೆಗೆ ಮೊದಲೇ ಕಾಣುತ್ತಿತ್ತು.

ಆ ಬೆಳೆಯ ಗತಿ

ಮೇಲಿನ ಮಡಿಗೆಲ್ಲ ಜಿಂಕ್ ಸಿಂಪರಣೆ ಆಯಿತು, ಎರಡು ವಾರ ಬಿಟ್ಟು ಇನ್ನೊಮ್ಮೆ. ಹಳೆಯ ಎಲೆಯ ಕಂಚಿನ ಚುಕ್ಕೆ ಹೋಗಲಿಲ್ಲ, ಹೋಗುವುದೂ ಇಲ್ಲ. ಸತ್ತ ಜೀವಕೋಶ ಮತ್ತೆ ಹಸಿರಾಗುವುದಿಲ್ಲ. ಸಿಂಪರಣೆ ಫಲ ಕೊಟ್ಟಿತೋ ಇಲ್ಲವೋ ಅಂತ ತಿಳಿಯಲು ಯಾವಾಗಲೂ ನಂತರ ಬಿಚ್ಚಿದ ಎಲೆಯನ್ನೇ ನೋಡಬೇಕು. ಹಳೆ ಎಲೆ ನೋಡಿ "ಏನೂ ಆಗಲಿಲ್ಲ" ಅಂತ ಇನ್ನೊಂದು ಔಷಧಿ ತರುವವರನ್ನು ನೋಡಿದ್ದೇನೆ.

ಗಿಡ ಚೇತರಿಸಿಕೊಂಡಿತು, ಆದರೆ ಕಳೆದ ದಿನ ವಾಪಸ್ ಬರಲಿಲ್ಲ. ಮೇಲಿನ ಮಡಿಯ ಹೂ ತಡವಾಯಿತು, ಮೊದಲ ಕೊಯ್ಲು ಪೂರ್ತಿ ಕೈತಪ್ಪಿತು. ನಂತರದ ಕೊಯ್ಲುಗಳಲ್ಲಿ ಕಾಯಿ ಸಿಕ್ಕಿತು, ಕೆಳಗಿನ ಮಡಿಯಷ್ಟು ಅಲ್ಲ. ಕೆಳಗಿನ ಮಡಿಯೂ ಯೂರಿಯಾದ ಸೊಕ್ಕಿನಿಂದ ಎಲೆ ಜಾಸ್ತಿ, ಕಾಯಿ ತಡ. ರೋಗ ಅಂತ ಕಿತ್ತು ಹಾಕಿದ್ದ ಸಾಲಿನ ಜಾಗ ಕೊನೆವರೆಗೂ ಬರಿದಾಗಿಯೇ ಇತ್ತು.

ಇದರಿಂದ ಕಲಿಯಬೇಕಾದದ್ದು

ಎಲೆ ನೋಡುವಾಗ ಮೊದಲ ಪ್ರಶ್ನೆ ಹಳೆ ಎಲೆಯೋ ಹೊಸ ಎಲೆಯೋ ಅನ್ನುವುದು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುತ್ತವೆ, ಕೊರತೆ ಹಳೆ ಎಲೆಯಲ್ಲಿ ಕಾಣುತ್ತದೆ. ಪೊಟ್ಯಾಷ್ ಕಮ್ಮಿಯಾದರೆ ಹಳೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಮೆಗ್ನೀಸಿಯಂ ಆದರೆ ಹಳೆ ಎಲೆಯ ನರಗಳ ನಡುವೆ ಹಳದಿ. ರಂಜಕ ಕಮ್ಮಿಯಾದ ಬೀನ್ಸ್ ಹಳದಿಯಾಗುವುದಕ್ಕಿಂತ ಕಡುಹಸಿರಾಗಿ ಗಿಡ್ಡಾಗಿ ನಿಲ್ಲುವುದೇ ಜಾಸ್ತಿ, ಇದು ಹಲವರ ಕಣ್ಣು ತಪ್ಪಿಸುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಓಡಾಡುವುದಿಲ್ಲ, ಅವುಗಳ ತೊಂದರೆ ಚಿಗುರಿನಲ್ಲಿ. ಗಂಧಕದ ಕೊರತೆ ನೋಡಲು ಸಾರಜನಕದಂತೆಯೇ, ಎಲೆ ಒಂದೇ ಸಮನೆ ಬಿಳಿಚುತ್ತದೆ, ಆದರೆ ಹೊಸ ಎಲೆಯಿಂದ ಶುರು. ಮ್ಯಾಂಗನೀಸ್ ಕಬ್ಬಿಣದಂತೆಯೇ ಕಾಣುತ್ತದೆ, ಆದರೆ ನರದ ಪಕ್ಕದ ಹಸಿರು ಪಟ್ಟಿ ಅಗಲ, ಆಮೇಲೆ ಕಂದು ಚುಕ್ಕೆ.

ಜಿಂಕ್ ಓಡಾಡುವ, ಓಡಾಡದ ಈ ಎರಡು ಗುಂಪುಗಳ ನಡುವಿನದು. ಅಲ್ಪಸ್ವಲ್ಪ ಓಡಾಡುತ್ತದೆ, ಪೂರ್ತಿ ಅಲ್ಲ. ಅದಕ್ಕೇ ಈ ತೋಟದಲ್ಲಿ ಹೊಸ ಎಲೆ ಕಿರಿದು, ಹಳೆ ಎಲೆಯಲ್ಲಿ ಕಂಚಿನ ಚುಕ್ಕೆ, ಎರಡೂ ಒಟ್ಟಿಗೆ ಬಂದು ನೋಡಿದವರನ್ನೆಲ್ಲ ಗೊಂದಲಕ್ಕೆ ಹಾಕಿತು. ಲಕ್ಷಣ ಯಾವ ಪಟ್ಟಿಗೂ ಸರಿಯಾಗಿ ಕೂರುತ್ತಿಲ್ಲ ಅನ್ನಿಸಿದರೆ ಎರಡು ಕೊರತೆ ಒಟ್ಟಿಗೆ ಇರಬಹುದು ಅಂತಲೂ ಯೋಚಿಸಬೇಕು.

ಎರಡನೆಯದು, ಮಣ್ಣಿನಲ್ಲಿ ಇರುವುದಕ್ಕೂ ಗಿಡಕ್ಕೆ ಸಿಗುವುದಕ್ಕೂ ಇರುವ ಅಂತರ. ಮೇಲಿನ ಮಡಿಯ ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿರಲಿಲ್ಲ, ಯಾವ ಮಣ್ಣಿನಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಪಿಎಚ್ ಅದಕ್ಕೆ ಬೀಗ ಹಾಕಿತ್ತು. ಇದೇ ಹಳದಿ ಹುಳಿ ಮಣ್ಣಿನಲ್ಲಿ ಕಂಡಿದ್ದರೆ ಹುಡುಕಾಟ ಬೇರೆ ಕಡೆ ಹೋಗಬೇಕಿತ್ತು. ಅಲ್ಲಿ ಮಾಲಿಬ್ಡಿನಂ ಸಿಗದೆ ಬೇರುಗಂಟು ಕೆಲಸ ನಿಲ್ಲಿಸುತ್ತದೆ, ಎಲೆಯಲ್ಲಿ ಥೇಟ್ ಸಾರಜನಕದ ಕೊರತೆ ಕಾಣುತ್ತದೆ, ಸುಣ್ಣ ಹಾಕಿದರೆ ಹೆಚ್ಚಾಗಿ ಸರಿಹೋಗುತ್ತದೆ. ಪಿಎಚ್ ತಿಳಿಯದೆ ಎಲೆಯನ್ನಷ್ಟೇ ಓದುವುದು ಅರ್ಧ ಓದು.

ಮುಂದಿನ ಹಂಗಾಮು

ಮುಂದಿನ ಸಲ ಮೇಲಿನ ಮಡಿಗೆ ಮಾತ್ರ ಹೆಕ್ಟೇರಿಗೆ 25 ಕೆಜಿ ಲೆಕ್ಕದಲ್ಲಿ ಜಿಂಕ್ ಸಲ್ಫೇಟನ್ನು ಬಿತ್ತನೆಗೆ ಮುಂಚೆ ಮಣ್ಣಿಗೆ ಸೇರಿಸಿದರು. ರಂಜಕದ ಗೊಬ್ಬರದ ಜೊತೆ ಬೆರೆಸಲಿಲ್ಲ, ಬೆರೆಸಿದರೆ ಎರಡೂ ಕೂಡಿ ಕರಗದ ಜಿಂಕ್ ಫಾಸ್ಫೇಟ್ ಆಗುತ್ತದೆ. ಡಿಎಪಿ, ಕೋಳಿ ಗೊಬ್ಬರ ಎರಡೂ ಆ ಮಡಿಗೆ ಬಂದ್. ಅದರ ಬದಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅದೂ ಮಿತವಾಗಿ. ಬೀಜಕ್ಕೆ ಬೀನ್ಸ್‌ಗೆಂದೇ ಇರುವ ರೈಜೋಬಿಯಂ ಲೇಪಿಸಿದರು. ಸೋಯಾಬೀನ್‌ನ ರೈಜೋಬಿಯಂ ಬೀನ್ಸ್‌ಗೆ ಉಪಯೋಗಕ್ಕೆ ಬರುವುದಿಲ್ಲ, ಪೊಟ್ಟಣದ ಮೇಲೆ ಬೆಳೆಯ ಹೆಸರು ನೋಡಿಯೇ ತಂದರು. ಚಳಿ ಬಿಟ್ಟ ಮೇಲೆ ಬಿತ್ತಿದರು. ಬದು ಎತ್ತರಿಸಿ ಸಾಲು ಮಾಡಿದ್ದರಿಂದ ಬೇರಿನ ಹತ್ತಿರ ನೀರು ನಿಲ್ಲಲಿಲ್ಲ.

ಎರಡು ಮಡಿಯ ನಡುವಿನ ಗೆರೆ ಮಸುಕಾಯಿತು. ಪೂರ್ತಿ ಅಳಿಸಲಿಲ್ಲ. ಅತಿ ಮೇಲಿನ ಅಂಚಿನಲ್ಲಿ, ಸುಣ್ಣದ ಹರಳು ದಟ್ಟವಾಗಿರುವ ಕಡೆ, ಮಳೆ ಹಿಡಿದ ವಾರದಲ್ಲಿ ಹೊಸ ಎಲೆ ಮತ್ತೆ ತಿಳಿಹಳದಿಯಾಯಿತು. ಎಲೆ ಅಗಲ ಸರಿಯಿತ್ತು, ಗೆಣ್ಣು ಸರಿಯಿತ್ತು. ಕಬ್ಬಿಣ ಒಂದೇ ಅಂತ ಅತ್ತಿಗೆ ಕೂತಲ್ಲೇ ಹೇಳಿದರು. ಅಷ್ಟು ಜಾಗಕ್ಕೆ ಈ ಸಲ ಇಡಿಡಿಎಚ್ಎ ರೂಪದ ಚಿಲೇಟೆಡ್ ಕಬ್ಬಿಣ (ಮಣ್ಣಿನಲ್ಲಿ ಸಿಕ್ಕಿಹಾಕಿಕೊಳ್ಳದಂತೆ ಬೇರೊಂದು ಪದಾರ್ಥ ಹಿಡಿದಿಟ್ಟ ಕಬ್ಬಿಣ) ತಂದು ಬೇರಿಗೆ ಕೊಟ್ಟರು. ಇಡಿಟಿಎ ರೂಪದ್ದು ಇಷ್ಟು ಪಿಎಚ್‌ನಲ್ಲಿ ಮಣ್ಣಿಗೆ ಹಾಕಿದರೆ ನಿಲ್ಲುವುದಿಲ್ಲ, ಇಡಿಡಿಎಚ್ಎ ನಿಲ್ಲುತ್ತದೆ.

ಮಣ್ಣಿಗೆ ಹಾಕಿದ ಜಿಂಕ್ ಕೆಲವು ಬೆಳೆಗಳವರೆಗೆ ಫಲ ಕೊಡುತ್ತದೆ. ಹಾಗಾಗಿ ಪ್ರತಿ ಸಲ ಹಾಕುವ ಯೋಚನೆ ಇಲ್ಲ. ಮತ್ತೆ ಎರಡು ಚೀಲ ಮಣ್ಣು ಪರೀಕ್ಷೆಗೆ ಹೋಗಿ, ಅಂಕಿ ನೋಡಿದ ಮೇಲೆಯೇ ಮುಂದಿನ ಮಾತು ಅಂತ ಇಬ್ಬರೂ ಒಪ್ಪಿದ್ದಾರೆ.